ಶನಿವಾರದ ಹರಾಜು, ಭಾನುವಾರದ ಗಾಬರಿ

ಭಾನುವಾರ ಸಂಜೆ ಹಾಸನ ಕಡೆಯ ಹುಡುಗನೊಬ್ಬ ಫೋನ್ ಮಾಡಿದ. ಮೆಲ್ಬರ್ನ್‌ಗೆ ಬಂದು ಆರು ವರ್ಷ. ಹೆಂಡತಿ, ಮಗು, ಬಾಡಿಗೆ ಮನೆ. "ಅಕ್ಕಾ, ಈ ವಾರ ಕ್ಲಿಯರೆನ್ಸ್ ರೇಟ್ 70 ಪರ್ಸೆಂಟ್ ಅಂತೆ. ಇನ್ನು ಕಾದ್ರೆ ಮನೆ ಕೈಗೆ ಸಿಗಲ್ಲ ಅನ್ಸತ್ತೆ." ಅವನ ಗಾಬರಿ ಕೇಳಿ ನನಗೆ ಸಂಕಟವಾಯಿತು.

ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ಶನಿವಾರವೆಂದರೆ ಮನೆ ಹರಾಜಿನ ದಿನ. ಹರಾಜಿಗಿಟ್ಟ ಮನೆಗಳಲ್ಲಿ ನೂರಕ್ಕೆ ಎಷ್ಟು ಮಾರಾಟವಾದವು ಎಂಬುದೇ ಈ ಕ್ಲಿಯರೆನ್ಸ್ ರೇಟ್. ಲೆಕ್ಕ ಹೀಗೆ ನಡೆಯುತ್ತದೆ. ನೂರು ಮನೆ ಹರಾಜಿಗಿದ್ದವು ಅಂದುಕೊಳ್ಳಿ. ಮೊದಲ ಪಟ್ಟಿ ಹೊರಡುವ ಹೊತ್ತಿಗೆ ಏಜೆಂಟರು 70 ಮನೆಗಳ ಸುದ್ದಿ ಮಾತ್ರ ಕೊಟ್ಟಿದ್ದಾರೆ, ಅದರಲ್ಲಿ 49 ಮಾರಾಟ. ಅಲ್ಲಿಗೆ ಶೇ 70. ಮನೆ ಮಾರಿದವರು ಸುದ್ದಿಯನ್ನು ಕೂಡಲೇ ಹೇಳುತ್ತಾರೆ, ಮಾರಲಾಗದವರು ತಡಮಾಡುತ್ತಾರೆ. ಉಳಿದ 30ರಲ್ಲಿ ಹತ್ತೇ ಮಾರಾಟವಾಗಿದ್ದರೆ ದರ ಶೇ 59ಕ್ಕೆ ಬಂತು. ವಾರದ ನಡುವೆ ತಿದ್ದಿದ ಅಂಕಿ ಬರುತ್ತದೆ, ಸಾಮಾನ್ಯವಾಗಿ ಮೊದಲಿನದಕ್ಕಿಂತ ಕಡಿಮೆಯೇ. ಆದರೆ ಜನರ ಬಾಯಲ್ಲಿ ಉಳಿಯುವುದು ಮೊದಲನೆಯದು.

ಮಾರಾಟವಾಯಿತು ಅನ್ನುವುದಾದರೂ ಹೇಗೆ? ಕಳೆದ ತಿಂಗಳು ರೆಸರ್ವಾರ್ ಬಡಾವಣೆಯಲ್ಲಿ ಒಂದು ಹರಾಜು ನೋಡಿದೆ. ಇಟ್ಟಿಗೆ ಮನೆ, ಅಂಗಳದಲ್ಲಿ ನಿಂಬೆ ಗಿಡ, ಫುಟ್‌ಪಾತ್ ಮೇಲೆ ಮೂವತ್ತು ಜನ. ಯಾರೂ ಕೂಗಲಿಲ್ಲ. ಹರಾಜು ನಡೆಸುವವನೇ ಮಾಲೀಕರ ಪರವಾಗಿ ಒಂದು ಬೆಲೆ ಹೇಳಿದ. ಇದಕ್ಕೆ ವೆಂಡರ್ ಬಿಡ್ ಎನ್ನುತ್ತಾರೆ. ಹಾಗೆಂದು ಎಲ್ಲರೆದುರು ಹೇಳಿಯೇ ಕೂಗಬೇಕು ಎಂಬುದು ಕಾನೂನು. ಒಬ್ಬ ಮುದುಕರು ಕೈಯೆತ್ತಿದರು. ಮತ್ತೆ ಮೌನ. ಏಜೆಂಟ್ ಮನೆಯೊಳಗೆ ಹೋಗಿ ಹತ್ತು ನಿಮಿಷ ಬಿಟ್ಟು ಬಂದ. ಮುದುಕರು ಇನ್ನೊಂದು ಐದು ಸಾವಿರ ಡಾಲರ್ ಸೇರಿಸಿದರು, ಮನೆ ಅವರದಾಯಿತು. ಐದು ಜನ ಜಿದ್ದಿಗೆ ಬಿದ್ದು ಕೊಂಡ ಮನೆಯೂ ಆ ಲೆಕ್ಕದಲ್ಲಿ ಒಂದು, ಇದೂ ಒಂದು. ಯಾರು ಎಷ್ಟಕ್ಕೆ ಇಳಿದರು ಎಂಬುದನ್ನು ಶೇಕಡಾವಾರು ಹೇಳುವುದೇ ಇಲ್ಲ.

2020ರ ಮಾರ್ಚ್ ಕೊನೆಯ ವಾರ ನೆನಪಿದೆ. ಕೋವಿಡ್‌ನಿಂದಾಗಿ ಬಹಿರಂಗ ಹರಾಜು ನಿಲ್ಲಿಸುವುದಾಗಿ ಪ್ರಧಾನಿ ಸ್ಕಾಟ್ ಮಾರಿಸನ್ ಘೋಷಿಸಿದರು. ಮಾಲೀಕರು ಹರಾಜನ್ನು ಸಾಲುಸಾಲಾಗಿ ಹಿಂತೆಗೆದುಕೊಂಡರು. ಹಿಂತೆಗೆದದ್ದನ್ನೂ ಮಾರಾಟವಾಗದ್ದೆಂದೇ ಎಣಿಸುವುದರಿಂದ ದರ ನೆಲ ಕಚ್ಚಿತು. ಮಾರುಕಟ್ಟೆ ಕುಸಿದೇ ಹೋಯಿತೆಂದು ನಂಬಿದವರು ಎಷ್ಟೋ ಮಂದಿ. ಬೆಲೆ ಇಳಿದದ್ದು ಸ್ವಲ್ಪವೇ. 2021 ಒಂದೇ ವರ್ಷದಲ್ಲಿ ದೇಶದ ಮನೆ ಬೆಲೆ ಶೇ 20ಕ್ಕೂ ಹೆಚ್ಚು ಏರಿತು.

ಅಂಕಿಯೇ ಬೇಡವೆಂದು ನಾನು ಹೇಳುತ್ತಿಲ್ಲ. ತಿಂಗಳುಗಟ್ಟಲೆ ಅದು ಒಂದೇ ದಿಕ್ಕಿಗೆ ಸಾಗಿದರೆ ಬೆಲೆಯೂ ಬಹುಮಟ್ಟಿಗೆ ಅದೇ ದಿಕ್ಕು ಹಿಡಿಯುತ್ತದೆ. ಒಂದು ವಾರದ ಅಂಕಿಗೆ ಮಾತ್ರ ಅಷ್ಟು ಬೆಲೆ ಕೊಡಬಾರದು. ಎಷ್ಟು ಮನೆ ಹರಾಜಿಗಿದ್ದವು, ಎಷ್ಟರ ಸುದ್ದಿ ಬಂದಿಲ್ಲ ಎಂಬುದನ್ನು ಶೇಕಡಾವಾರಿನ ಪಕ್ಕದಲ್ಲೇ ಅಷ್ಟೇ ದಪ್ಪ ಅಕ್ಷರದಲ್ಲಿ ಹಾಕಬೇಕು. ಗಾಬರಿಗೆ ತೆರಬೇಕಾದ ಬೆಲೆ ಇಲ್ಲಿ ದೊಡ್ಡದು. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಮಾತುಕತೆಯಿಂದ ಮನೆ ಕೊಂಡವರಿಗೆ ಸಾಮಾನ್ಯವಾಗಿ ಮನಸ್ಸು ಬದಲಿಸಲು ಮೂರು ಕೆಲಸದ ದಿನಗಳ ಅವಕಾಶವಿದೆ. ಹರಾಜಿನಲ್ಲಿ ಕೊಂಡವರಿಗೆ ಅದಿಲ್ಲ.

ಹುಡುಗನನ್ನು ಕೇಳಿದೆ, ಎಲ್ಲಿ ನೋಡ್ತಿದ್ದೀಯಪ್ಪಾ? ಟಾರ್ನೀಟ್ ಅಂದ. ನಗರದ ಪಶ್ಚಿಮದಂಚಿನ ಆ ಹೊಸ ಬಡಾವಣೆಗಳಲ್ಲಿ ಹೆಚ್ಚಿನ ಮನೆಗಳು ಹರಾಜಿಗೆ ಬರುವುದೇ ಇಲ್ಲ; ಹರಾಜು ಹೆಚ್ಚು ನಡೆಯುವ ಬ್ರನ್ಸ್‌ವಿಕ್, ಕ್ಯಾಂಬರ್‌ವೆಲ್‌ನ ಬೀದಿಗಳ ಬಿಸಿಗೆ ಇವನು ಬೆವರುತ್ತಿದ್ದ. ಅವನು ಮೆಚ್ಚಿದ ಮನೆಯ ಜಾಹೀರಾತನ್ನು ಇಬ್ಬರೂ ಫೋನಿನಲ್ಲೇ ತೆರೆದು ನೋಡಿದೆವು. ಮಾರಾಟಕ್ಕಿಟ್ಟು ಅರವತ್ತೆರಡು ದಿನವಾಗಿತ್ತು, ಬೆಲೆಯನ್ನು ಒಮ್ಮೆ ಇಳಿಸಿಯೂ ಇದ್ದರು.