ಕಾಲೇಜು ನೋಡಿ ಕಟ್ಟಿದ ಕೋಣೆಗಳು

ಅಡಿಕೆಗೆ ಒಳ್ಳೆಯ ಧಾರಣೆ ಸಿಕ್ಕ ವರ್ಷ ಸೊರಬ, ಶಿಕಾರಿಪುರದ ಮನೆಗಳಲ್ಲಿ ಸೈಟಿನ ಮಾತು ಏಳುತ್ತದೆ. ಬೆಳೆಯ ದುಡ್ಡನ್ನು ಮಣ್ಣಿನ ಮೇಲೆಯೇ ಹಾಕಿದರೆ ನಮ್ಮವರಿಗೆ ನೆಮ್ಮದಿ. ಮೂರು-ನಾಲ್ಕು ದಶಕಗಳಿಂದ ಈ ದುಡ್ಡಿನ ಒಂದು ಪಾಲು ‘ಕಾಲೇಜು ಹತ್ತಿರ ಇದೆ, ಹುಡುಗರು ಬಾಡಿಗೆಗೆ ಬಂದೇ ಬರುತ್ತಾರೆ’ ಎಂಬ ನಂಬಿಕೆಯಲ್ಲಿ ಕಟ್ಟಡವಾಗಿದೆ. ಆ ನಂಬಿಕೆ ಎಲ್ಲಿ ಫಲ ಕೊಟ್ಟಿತು, ಎಲ್ಲಿ ಕೈಕೊಟ್ಟಿತು ಎಂದು ಒಮ್ಮೆ ಲೆಕ್ಕ ಹಾಕಬೇಕಿದೆ.

1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಬಂತು. ಆದರೆ ಅದು ನೆಲೆಯೂರಿದ್ದು ಶಿವಮೊಗ್ಗ ಪೇಟೆಯಲ್ಲಲ್ಲ, ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ. ವಿದ್ಯಾರ್ಥಿಗಳಿಗೆ ಆವರಣದೊಳಗೇ ಹಾಸ್ಟೆಲ್. ಶಿವಮೊಗ್ಗ, ಭದ್ರಾವತಿಯಲ್ಲಿ ಮನೆ ಮಾಡಿ ಓಡಾಡುವ ಸಿಬ್ಬಂದಿಯೂ ಉಂಟು. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಬೇರೆಯಾದಾಗ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಯೂ ಕುಗ್ಗಿತು. 2012ರಲ್ಲಿ ಹುಟ್ಟಿದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದ ಕೇಂದ್ರ ಸಾಗರ ತಾಲ್ಲೂಕಿನ ಇರುವಕ್ಕಿಗೆ ಹೋಯಿತು. ವಿಶ್ವವಿದ್ಯಾಲಯದ ಬೋರ್ಡು ಇದ್ದಲ್ಲೆಲ್ಲ ಬಾಡಿಗೆ ಹುಟ್ಟುವುದಿಲ್ಲ ಎಂಬುದಕ್ಕೆ ಜಿಲ್ಲೆಯೊಳಗೇ ಇಷ್ಟು ಸಾಕ್ಷಿ ಇದೆ.

ಹಾಗಾದರೆ ಫಲ ಕೊಟ್ಟದ್ದು ಎಲ್ಲಿ? ನವುಲೆ ನೋಡಿ. ಶಿಕಾರಿಪುರದಿಂದ ಶಿವಮೊಗ್ಗಕ್ಕೆ ಹೋಗುವ ಸವಳಂಗ ರಸ್ತೆಯ ಮೇಲೇ ಇರುವ ಈ ಬಡಾವಣೆಯಲ್ಲಿ ಎಂಜಿನಿಯರಿಂಗ್ ಕಾಲೇಜೂ ಇದೆ, ಕೃಷಿ ಕಾಲೇಜೂ ಇದೆ. ಒಂದರಲ್ಲಿ ಸೀಟು ತುಂಬದಿದ್ದರೆ ಇನ್ನೊಂದು ಕೈಹಿಡಿಯುತ್ತದೆ. ಸಹ್ಯಾದ್ರಿ ಕಾಲೇಜಿರುವ ವಿದ್ಯಾನಗರದ ಬಲವೂ ಬರೀ ಕಾಲೇಜಲ್ಲ. ಪೇಟೆಯ ನೌಕರಸ್ಥರೂ ಅಲ್ಲಿ ಮನೆ ಕೇಳುತ್ತಾರೆ. ವಿದ್ಯಾರ್ಥಿ ಬಿಟ್ಟುಹೋದ ಮನೆಗೆ ಸಂಸಾರಸ್ಥರು ಬರುವಂತಿದ್ದರೆ ಮಾತ್ರ ಆ ಜಾಗ ಬಾಡಿಗೆಗೆ ಯೋಗ್ಯ.

ನಮ್ಮ ಎರಡು ಊರುಗಳ ಕಥೆ ಬೇರೆ. ಇಲ್ಲಿನ ಪದವಿ ಕಾಲೇಜುಗಳಿಗೆ ಬರುವವರಲ್ಲಿ ಹೆಚ್ಚಿನವರು ಸುತ್ತಲ ಹಳ್ಳಿಗಳ ಮಕ್ಕಳು. ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೇ ಹೋಗುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನ ದಾರಿಯಲ್ಲಿರುವ ಹೆಣ್ಣುಮಕ್ಕಳಿಗೆ ಕೋಣೆ ಹಿಡಿಯುವ ಜರೂರು ಇನ್ನೂ ಕಡಿಮೆ. ಖಾಸಗಿ ಬಸ್ಸೇ ಗತಿ ಎನ್ನುವ ಹಳ್ಳಿಗಳ ಮಾತು ಮಾತ್ರ ಬೇರೆ. ಇನ್ನು ಓದುವವರಿಗೆ ಅನ್ನ-ಆಸರೆ ಕೊಡುವುದು ಈ ಸೀಮೆಗೆ ಹಳೆಯ ರೂಢಿ: ಬಳ್ಳಿಗಾವಿಯ ಕೋಡಿಮಠದ ಪಾಠ-ಪ್ರವಚನ, ಅನ್ನದಾನಗಳನ್ನು 1162ರ ಶಾಸನವೇ ಬಣ್ಣಿಸುತ್ತದೆ. ಇಂದು ಆ ಕೆಲಸವನ್ನು ಬಿಸಿಎಂ ಮತ್ತು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳು ಮಾಡುತ್ತಿವೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆಂದು ಬಂದ ವಿದ್ಯಾಸಿರಿ ಊಟ-ವಸತಿಗೆ ತಿಂಗಳಿಗೆ ಗೊತ್ತುಮಾಡಿದ್ದು 1,500 ರೂಪಾಯಿ, ಅದೂ ಹತ್ತೇ ತಿಂಗಳಿಗೆ. ಅದರಲ್ಲಿ ಅನ್ನಕ್ಕೆಷ್ಟು, ಕೋಣೆಗೆಷ್ಟು?

ಒಂದು ಅಂದಾಜು ಹಾಕೋಣ. 20 ಲಕ್ಷ ಸುರಿದು ನಾಲ್ಕು ಕೋಣೆ ಕಟ್ಟಿದಿರಿ, ಬಾಡಿಗೆ ತಲಾ 2,000 ಎಂದುಕೊಳ್ಳಿ. ಕಾಗದದ ಮೇಲೆ ವರ್ಷಕ್ಕೆ 96,000. ಪರೀಕ್ಷೆ ಮುಗಿದ ಕೂಡಲೇ ಹುಡುಗರು ಚಾಪೆ, ಸ್ಟೌ ಕಟ್ಟಿಕೊಂಡು ಊರಿಗೆ ಹೊರಟರೆ ಎರಡು ತಿಂಗಳು ಬೀಗ, ಉಳಿದದ್ದು 80,000. ಕಂದಾಯ, ಸುಣ್ಣ-ಬಣ್ಣ, ಕೆಟ್ಟ ಮೋಟಾರು ಎಂದು 15,000 ತೆಗೆಯಿರಿ. ಕೈಗೆ ಬರುವುದು ನೂರಕ್ಕೆ ಮೂರೂಕಾಲು ರೂಪಾಯಿ. ಬ್ಯಾಂಕಿನ ಠೇವಣಿ ಇದಕ್ಕಿಂತ ವಾಸಿ. ಸೈಟಿನ ಬೆಲೆ ಏರುತ್ತದಲ್ಲ ಎನ್ನಬಹುದು. ಏರಲಿ, ಆದರೆ ಅದು ಬಾಡಿಗೆಯ ಆದಾಯವಲ್ಲ. 2020ರಲ್ಲಿ ಕಾಲೇಜುಗಳೇ ಮುಚ್ಚಿದಾಗ ಈ ವ್ಯತ್ಯಾಸ ಸಾಲ ಮಾಡಿ ಕಟ್ಟಿದವರಿಗೆ ಚೆನ್ನಾಗಿ ತಿಳಿಯಿತು.

ನಮ್ಮ ಊರುಗಳಲ್ಲಿ ಹನ್ನೆರಡು ತಿಂಗಳೂ ಬಾಡಿಗೆ ಕೊಡುವವರು ವರ್ಗವಾಗಿ ಬಂದ ಮೇಷ್ಟರು, ನರ್ಸ್, ಬ್ಯಾಂಕಿನವರು, ತಾಲ್ಲೂಕು ಕಚೇರಿಯ ನೌಕರರು. ಅವರು ಕೇಳುವುದು ಕಾಲೇಜಿನ ದೂರವನ್ನಲ್ಲ. ಬೇಸಿಗೆಯಲ್ಲಿ ನಲ್ಲಿಗೆ ಎಷ್ಟು ದಿನಕ್ಕೊಮ್ಮೆ ನೀರು, ಬಸ್ ನಿಲ್ದಾಣಕ್ಕೆ ನಡೆದು ಹೋಗಬಹುದೇ, ಮಳೆಗಾಲದಲ್ಲಿ ರಸ್ತೆ ಕೆಸರಾಗುತ್ತದೆಯೇ, ರಾತ್ರಿ ಬೀದಿದೀಪ ಉರಿಯುತ್ತದೆಯೇ ಎಂದು. ಅಂಥವರಿಗೆ ನಾಲ್ಕು ಕೋಣೆಗಿಂತ ಎರಡು ಪುಟ್ಟ ಮನೆ ಮೇಲು. ಕೊಳ್ಳುವವರು ಇದರ ಜೊತೆಗೆ ಭೂಪರಿವರ್ತನೆಯ ಆದೇಶ, ಲೇಔಟ್ ಮಂಜೂರಾತಿ, ಖಾತೆ ನೋಡಬೇಕು. ಕಂದಾಯ ಭೂಮಿಯಲ್ಲಿ ಗೆರೆ ಎಳೆದು ಮಾರಿದ ಸೈಟು ಅಗ್ಗವಾಗಿ ಸಿಕ್ಕರೂ ಬ್ಯಾಂಕ್ ಸಾಲದ ಬಾಗಿಲಲ್ಲಿ ನಿಂತುಹೋಗುತ್ತದೆ.

ಈಗ ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ರೈಲು ಮಾರ್ಗದ ಹೆಸರು ಹೇಳಿ ಸೈಟು ತೋರಿಸುವವರಿದ್ದಾರೆ. ರೈಲು ಬರಲಿ, ಊರಿಗೆ ಒಳ್ಳೆಯದೇ. ಆದರೆ ಓಡಾಟ ಸುಲಭವಾದಷ್ಟೂ ಊರಲ್ಲಿ ಉಳಿದು ಓದುವವರು, ದುಡಿಯುವವರು ಕಡಿಮೆಯಾಗಬಹುದು. ಬಸ್ಸು ಕಲಿಸಿದ ಪಾಠವನ್ನೇ ರೈಲೂ ಕಲಿಸೀತು. ಆದ್ದರಿಂದ ಮುಂಗಡ ಕೊಡುವ ಮುನ್ನ ಆ ಬೀದಿಯಲ್ಲಿ ಬಾಡಿಗೆಗಿರುವ ನಾಲ್ಕು ಮನೆಯವರನ್ನು ಮಾತಾಡಿಸಿ. ಬ್ರೋಕರ್ ಹೇಳದ್ದನ್ನು ಅವರು ಹೇಳುತ್ತಾರೆ.