ತಗ್ಗಿಸಿದ ಕಾರಿಗೆ ಜಾಕ್ ತರೋ ಮುಂಚೆ

ಸಾಲಿಗ್ರಾಮದಿಂದ ಕೆ.ಆರ್.ನಗರದ ಕಡೆಗೆ ಹೋಗೋ ದಾರೀಲಿ ವಸಿ ಹೊತ್ತು ನಿಂತ್ರೆ ಒಂದಾದ್ರೂ ಕಣ್ಣಿಗೆ ಬೀಳ್ತದೆ. ಹಳೇ ಸ್ವಿಫ್ಟೋ, ಹಳೇ ಹೋಂಡಾ ಸಿಟಿಯೋ ತಂದು, ಸ್ಪ್ರಿಂಗ್ ಬದಲಾಯಿಸಿ, ಗಾಡಿ ಹೊಟ್ಟೆ ನೆಲ ಸವರೋ ಹಾಗೆ ತಗ್ಗಿಸ್ಕೊಂಡು ಓಡಾಡ್ತಾವೆ ಹುಡುಗ್ರು. ಚಂದ ಕಾಣ್ತದೆ ಅಂತಾವೆ. ಇರಲಿ, ನಾನು ಈವತ್ತು ಬರೀತಿರೋದು ಆ ಚಂದದ ವಿಷಯ ಅಲ್ಲ. ಗಾಡಿ ತಗ್ಗಿದ ಮೇಲೆ ಅದರ ಹಿಂದೆನೇ ಮನೆಗೆ ಬರೋ ಜಾಕಿನ ವಿಷಯ.

"ಅದರಲ್ಲಿ ನಮಗೇನು ಕೆಲಸ, ಗಂಡಸರು ನೋಡ್ಕೊಳ್ತಾರೆ ಬಿಡವ್ವ" ಅನ್ನೋರು ಇದ್ದೀರಿ. ಆದ್ರೆ ದುಡ್ಡಿಗೆ ಬಂದು ನಿಲ್ಲೋದು ನಮ್ಮ ಹತ್ರಾನೇ ಅಲ್ವಾ? ಅಂಗಳದಲ್ಲಿ ಗಾಡಿ ಎತ್ತಿ ಅದರಡಿ ಅಂಗಾತ ಮಲಗೋನು ನಮ್ಮ ಮಗ, ಇಲ್ಲಾ ತಮ್ಮ, ಇಲ್ಲಾ ಮೈದುನ. ಅದಕ್ಕೇ ನನ್ನ ಮಾತು ಮೊದಲೇ ಹೇಳಿಬಿಡ್ತೀನಿ: ಜಾಕಿಗೆ ದುಡ್ಡು ಕೊಡೋದಾದ್ರೆ ಒಂದು ಜೊತೆ ಸ್ಟ್ಯಾಂಡಿಗೂ ಸೇರಿಸಿ ಕೊಡಿ. ಎರಡಕ್ಕೂ ದುಡ್ಡು ಸಾಲಲ್ಲ ಅಂದ್ರೆ ಜಾಕೂ ಬೇಡ.

ತಗ್ಗಿಸಿದ ಗಾಡಿಗೆ ಬೇರೆ ಜಾಕ್ ಯಾಕೆ ಬೇಕು? ಲೆಕ್ಕ ಸುಲಭ. 2018ರಲ್ಲಿ ಬಂದ ಸ್ವಿಫ್ಟಿಗೆ ನೆಲಕ್ಕೂ ಗಾಡಿಗೂ ನಡುವೆ 163 ಮಿ.ಮೀ. ಅಂತರ ಅಂತ ಕಂಪನಿಯವರು ಹೇಳ್ತಾರೆ, ಸುಮಾರು ಆರೂವರೆ ಇಂಚು. ಅದನ್ನ 40 ಮಿ.ಮೀ. ತಗ್ಗಿಸಿದ್ರೆ ಉಳಿಯೋದು 123. ಗ್ಯಾರೇಜಲ್ಲಿ ನೋಡಿರ್ತೀರಲ್ಲ, ಕೆಳಗೆ ಚಕ್ರ, ಉದ್ದ ಹಿಡಿ, ಒತ್ತಿದ ಹಾಗೆ ಎಣ್ಣೆ ಒತ್ತಡಕ್ಕೆ ತೋಳು ಮೇಲೇಳೋ ಟ್ರಾಲಿ ಜಾಕು, ಅದು ಪೂರ್ತಿ ಇಳಿಸಿದಾಗಲೂ ಸಾಮಾನ್ಯವಾಗಿ 130-140 ಮಿ.ಮೀ. ಎತ್ತರ ಇರ್ತದೆ. ಗಾಡಿ ಅಡಿಗೆ ತೂರೋದೇ ಇಲ್ಲ. ಲೋ ಪ್ರೊಫೈಲ್ ಅಂತ ಮಾರೋವು 75ರಿಂದ 90 ಮಿ.ಮೀ. ಒಳಗೆ ಇರ್ತವೆ. ಅಂದ್ರೆ ಮೂರು, ಮೂರೂವರೆ ಇಂಚು.

ಅಂಗಡಿಯವರು ಮೊದಲು ಹೇಳೋದು ಟನ್ ಲೆಕ್ಕ. "ಎರಡು ಟನ್ನಿಂದು ಬೇಡ, ಮೂರು ಟನ್ನಿಂದು ತಗೊಳ್ಳಿ, ಗಟ್ಟಿ" ಅಂತಾರೆ. ಸ್ವಿಫ್ಟ್ ಇಡೀ ಗಾಡಿನೇ ಒಂದು ಟನ್ ಒಳಗೆ, ಸಿಟಿ ಅದಕ್ಕಿಂತ ವಸಿ ಜಾಸ್ತಿ. ಎತ್ತೋದು ಒಂದು ಮೂಲೆನೋ ಒಂದು ಕಡೆನೋ. ಎರಡು ಟನ್ ಬೇಕಾದಷ್ಟಾಯ್ತು. ಚುಂಚನಕಟ್ಟೆ ಜಾತ್ರೇಲಿ ಎತ್ತು ಕೊಳ್ಳೋರು ಕೊಂಬಿನ ಬಣ್ಣಕ್ಕೆ ಮರುಳಾಗಲ್ಲ, ಬಾಯಿ ಬಿಡಿಸಿ ಹಲ್ಲು ನೋಡ್ತಾರೆ. ಜಾಕಿನಲ್ಲಿ ನೋಡಬೇಕಾದ ಹಲ್ಲು ಅಂದ್ರೆ ಎರಡು ಅಳತೆ: ಪೂರ್ತಿ ಇಳಿಸಿದಾಗ ಎಷ್ಟು, ಪೂರ್ತಿ ಎತ್ತಿದಾಗ ಎಷ್ಟು.

ಬ್ಲೌಸ್ ಅಳತೆಯ ಟೇಪು ನಮ್ಮ ಹತ್ರ ಇದ್ದೇ ಇರ್ತದಲ್ಲ. ಅದನ್ನ ತಗೊಂಡು ಹೋಗಿ, ಗಾಡಿ ಜೊತೆ ಬಂದ ಪುಸ್ತಕದಲ್ಲಿ ಜಾಕ್ ಇಡೋ ಜಾಗ ಅಂತ ತೋರಿಸಿರೋ ಕಡೆ ನೆಲದಿಂದ ಎಷ್ಟಿದೆ ಅಂತ ಹಿಡಿಸಿ ನೋಡಿ. ಬಾಗಿಲ ಕೆಳಗಿನ ಅಂಚಿನಲ್ಲಿ ಗುರುತು ಇರ್ತದೆ. ಅಂಚು ಸೊಟ್ಟಗಾಗದ ಹಾಗೆ ಜಾಕಿನ ಬಟ್ಟಲ ಮೇಲೆ ರಬ್ಬರ್ ಇಡ್ತಾರೆ, ಅದರ ದಪ್ಪ ಮುಕ್ಕಾಲು ಇಂಚಾದ್ರೆ ಅದನ್ನೂ ಲೆಕ್ಕಕ್ಕೆ ಹಿಡೀರಿ. ಹಂಗೇ ಟೈರ್ ಪಂಕ್ಚರ್ ಆಗಿ ಗಾಳಿ ಪೂರ್ತಿ ಇಳಿದಾಗ ಗಾಡಿ ಇನ್ನೂ ಎರಡು ಮೂರು ಇಂಚು ಕೆಳಗೆ ಕೂರ್ತದೆ. ಆಗ ಮೂರು ಇಂಚಿನ ಜಾಕೂ ತೂರಲ್ಲ. ಅದಕ್ಕೆ ಉಪಾಯ ಅಂದ್ರೆ ದಪ್ಪ ಹಲಗೆ ಹಾಕಿ, ಆ ಚಕ್ರವನ್ನ ಮೆಲ್ಲಗೆ ಅದರ ಮೇಲೆ ಹತ್ತಿಸಿ, ಆಮೇಲೆ ಜಾಕ್ ನೂಕೋದು. ಅಂಥ ಎರಡು ಹಲಗೆ ಜಾಕಿನ ಜೊತೆಗೇ ಇಟ್ಟಿರಬೇಕು.

ಮೇಲಿನ ಅಳತೆ ಯಾಕೆ ಅಂದ್ರೆ ಸ್ಟ್ಯಾಂಡಿಗೆ. ಸ್ಟ್ಯಾಂಡನ್ನ ಪೂರ್ತಿ ತಗ್ಗಿಸಿದ್ರೂ ಸುಮಾರು 25-30 ಸೆಂ.ಮೀ. ಎತ್ತರ ಇರೋದು ಸಾಮಾನ್ಯ. ಜಾಕು ಗಾಡಿಯನ್ನ ಅದಕ್ಕಿಂತ ಮೇಲೆ ಎತ್ತಲಿಲ್ಲ ಅಂದ್ರೆ ಸ್ಟ್ಯಾಂಡ್ ಒಳಗೆ ಹೋಗಲ್ಲ. ಆಗ ಹುಡುಗ "ಐದೇ ನಿಮಿಷ ಕಣಮ್ಮ" ಅಂತ ಬರೀ ಜಾಕಿನ ಮೇಲೇ ಬಿಟ್ಟು ಒಳಗೆ ನುಗ್ತಾನೆ. ನನಗೆ ಭಯ ಇರೋದು ಆ ಐದು ನಿಮಿಷದ್ದೇ.

ಯಾಕಂದ್ರೆ ಟ್ರಾಲಿ ಜಾಕಲ್ಲಿ ಗಾಡಿ ನಿಂತಿರೋದು ಎಣ್ಣೆ ಮೇಲೆ. ಆ ಎಣ್ಣೆಯನ್ನ ತಡೆದಿರೋದು ಒಂದು ರಬ್ಬರ್ ಸೀಲು. ಕುಕ್ಕರಿನ ರಬ್ಬರ್ ಹಳೇದಾದ್ರೆ ಏನಾಗ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇನ್ನೊಂದು, ಹಿಡಿಯನ್ನ ಎಡಕ್ಕೆ ತಿರುಗಿಸಿದ್ರೆ ಗಾಡಿ ಇಳೀತದೆ. ಅಂಗಳದಲ್ಲಿ ಆಡೋ ಮಗು ಬಂದು ಅದನ್ನ ಹಿಡ್ಕೊಂಡು ತಿರುಗಿಸಿದ್ರೆ ಸಾಕು. ಸ್ಟ್ಯಾಂಡಾದ್ರೆ ಕಬ್ಬಿಣದ ಹಲ್ಲಿನ ಮೇಲೋ ಕಬ್ಬಿಣದ ಕಡ್ಡಿ ಮೇಲೋ ನಿಂತಿರ್ತದೆ, ಸೋರೋಕೆ ಅದರಲ್ಲಿ ಏನೂ ಇಲ್ಲ. ಸ್ಟ್ಯಾಂಡ್ ಮೇಲೆ ಗಾಡಿ ಕೂರಿಸಿದ ಮೇಲೆ ಜಾಕಿನ ಹಿಡಿ ಬಿಚ್ಚಿ ಒಳಗೆ ಇಡೋದು ನಮ್ಮ ಕೆಲಸ ಅಂತ ಇಟ್ಕೊಳ್ಳಿ. ಎತ್ತಿನ ಗಾಡಿ ಗಾಲಿ ಬಿಚ್ಚಿ ಕೀಲೆಣ್ಣೆ ಹಾಕುವಾಗ ನಮ್ಮ ತಾತಂದಿರು ಅಚ್ಚಿನ ಅಡಿಗೆ ದಿಮ್ಮಿ ಕೊಡ್ತಿದ್ರು, ಬರೀ ಆಳಿನ ಹೆಗಲ ನಂಬ್ಕೊಂಡು ಕೂರ್ತಿರಲಿಲ್ಲ.

ದಿಮ್ಮಿ ಅಂದೆ ಅಂತ ಇಟ್ಟಿಗೆ, ಹಾಲೋ ಬ್ಲಾಕ್ ಜೋಡಿಸಿ ಕಾರು ನಿಲ್ಲಿಸೋಕೆ ಬಿಡಬೇಡಿ. ಅವು ಸದ್ದಿಲ್ಲದೆ ನಿಂತಿದ್ದು ಒಂದೇ ಸಲಕ್ಕೆ ಒಡೀತವೆ.

ನಮ್ಮ ಅಂಗಳದ್ದೂ ಒಂದು ಮಾತಿದೆ. ಟ್ರಾಲಿ ಜಾಕಿನ ತೋಳು ನೆಟ್ಟಗೆ ಮೇಲೆ ಹೋಗಲ್ಲ, ಬಿಲ್ಲಿನ ಹಾಗೆ ಬಾಗ್ಕೊಂಡು ಏಳ್ತದೆ. ಅದಕ್ಕೇ ಎತ್ತುವಾಗ ಜಾಕಿನ ಚಕ್ರ ವಸಿ ಉರುಳಬೇಕು. ಸಿಮೆಂಟ್ ನೆಲದಲ್ಲಿ ಉರುಳ್ತದೆ. ಮಳೆ ಬಿದ್ದ ಮಣ್ಣಿನ ಅಂಗಳದಲ್ಲಿ ಚಕ್ರ ಹೂತು ನಿಂತ್ಕೊಳ್ತದೆ, ಮೇಲಿನ ಬಟ್ಟಲು ಮಾತ್ರ ಜರುಗ್ತದೆ, ಗಾಡಿ ಜಾರ್ತದೆ. ಮಣ್ಣಿನ ನೆಲ ಇರೋರು ಜಾಕು, ಸ್ಟ್ಯಾಂಡ್ ಎರಡರ ಅಡಿಗೂ ದಪ್ಪ ಪ್ಲೈವುಡ್ ಹಲಗೆ ಹಾಸಬೇಕು. ಇಳಿಜಾರಲ್ಲಿ ಬೇಡವೇ ಬೇಡ. ಹ್ಯಾಂಡ್‌ಬ್ರೇಕ್ ಹಾಕಿ, ಗೇರಲ್ಲಿ ಬಿಟ್ಟು, ನೆಲದ ಮೇಲೇ ಇರೋ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಬೇಕು.

"ಗಾಡಿ ತಗ್ಗಿಸಬೇಡ ಅಂತ ಒಂದೇ ಮಾತಲ್ಲಿ ಹೇಳಿದ್ರೆ ಮುಗೀತಲ್ಲ" ಅಂತ ಕೆಲವು ತಾಯಂದಿರು ಕೇಳ್ತಾರೆ. ಹೇಳಿ, ಹೇಳಬೇಕಾದ್ದೇ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರೋ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ಜನವರೀಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡೀತು. ಸ್ಪ್ರಿಂಗ್ ಮುಟ್ಟೋ ಮುಂಚೆ ಆರ್‌ಟಿಒ ಕಚೇರೀಲಿ ಕೇಳ್ಕೊಂಡು ಬಾ ಅನ್ನಿ. ಆದ್ರೆ ಆಗಲೇ ತಗ್ಗಿಸಿ ಆಗಿರೋ ಮನೆಗಳಲ್ಲಿ ಬರೀ ಬೈದ್ರೆ ಏನು ಬಂತು? ತಗ್ಗಿದ ಗಾಡಿ ಹಂಪಿಗೆ ತಗುಲ್ತದೆ, ಎಲ್ಲಿ ಉಜ್ತು ಅಂತ ನೋಡೋಕೆ ಅವನು ಮಿಕ್ಕವರಿಗಿಂತ ಹೆಚ್ಚು ಸಲ ಅಡಿಗೆ ನುಗ್ತಾನೆ. ನಮ್ಮ ಬೈಗುಳಕ್ಕೆ ಹೆದರಿ, ನಾವಿಲ್ಲದ ಹೊತ್ತು ನೋಡಿ ನುಗ್ಗಿದ್ರೆ ಇನ್ನೂ ಕಷ್ಟ. ಒಬ್ಬನೇ ಇರುವಾಗ ಗಾಡಿ ಅಡಿಗೆ ಹೋಗಬಾರದು ಅನ್ನೋದನ್ನ ಮನೆಯ ಕಟ್ಟಳೆ ಮಾಡೋಕೆ ಅವನ ಜೊತೆ ಮಾತು ಇರಬೇಕಲ್ಲ.

ಪಂಕ್ಚರ್ ಬಿಟ್ಟು ಬೇರೆ ಕೆಲಸ ಮನೇಲಿ ಮಾಡದೋರಿಗೆ ಈ ಖರ್ಚೇ ಬೇಡ. ಡಿಕ್ಕೀಲಿರೋ ತಿರುಪಿನ ಜಾಕು ತಗ್ಗಿದ ಗಾಡಿ ಅಡಿ ಹೋಗ್ತದಾ ಅಂತ ಒಂದ್ಸಲ ನೋಡಿ, ಹೋದ್ರೆ ಚಕ್ರ ಬದಲಾಯಿಸೋಕೆ ಅದು ಸಾಕು. ಮಿಕ್ಕಿದ್ದಕ್ಕೆ ಗ್ಯಾರೇಜಿಗೆ ಹೋಗ್ಲಿ. ಕಬ್ಬಿಣದ ಟ್ರಾಲಿ ಜಾಕು ಹೊರೋ ಭಾರ, ಅದನ್ನ ಡಿಕ್ಕೀಲಿ ಹಾಕ್ಕೊಂಡು ಯಾರೂ ತಿರುಗಲ್ಲ.

ಈಗಾಗಲೇ ಜಾಕ್ ಇರೋ ಮನೆಯೋರು ಈ ಭಾನುವಾರ ಟೇಪು ತಗೊಂಡು ಎರಡೂ ಅಳತೆ ನೋಡಿ, ಸ್ಟ್ಯಾಂಡ್ ಎಲ್ಲಿ ಅಂತ ಕೇಳಿ. "ತರ್ತೀನಿ ಬಿಡಮ್ಮ" ಅಂದ್ರೆ, ತರೋ ತನಕ ಜಾಕಿನ ಹಿಡಿ ನಿಮ್ಮ ಬೀರುವಲ್ಲಿ ಇರಲಿ.