ರೆಕಾರ್ಡು ತಿರುಗಬೇಕು

ಹಳೆಯ ಹಾರ್ಡ್‌ಕೋರ್ ಪಂಕ್ ರೆಕಾರ್ಡುಗಳಿಗೆ ಮುಳ್ಳನ್ನೇ ತಾಗಿಸದೆ, ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಅವುಗಳ ಬೆಲೆ ಈ ವರ್ಷ ಎಷ್ಟು ಏರಿತೆಂದು ಲೆಕ್ಕ ಹಾಕುವವರನ್ನು ನಾನು ಸಂಗೀತಪ್ರೇಮಿಗಳೆಂದು ಕರೆಯಲಾರೆ. ಅವರದು ಚಿನ್ನದ ವ್ಯವಹಾರ. ಚಿನ್ನದ ಬದಲು ಕಪ್ಪು ವಿನೈಲ್ ಇದೆ, ಅಷ್ಟೆ.

ಬೇರೆ ಸಂಗೀತವಾಗಿದ್ದರೆ ಸುಮ್ಮನಿರುತ್ತಿದ್ದೆನೇನೋ. ಆದರೆ ಇದರ ಹುಟ್ಟನ್ನು ನೋಡಿ. 1980ರಲ್ಲಿ ವಾಷಿಂಗ್ಟನ್ ಡಿಸಿಯ ‘ಟೀನ್ ಐಡಲ್ಸ್’ ಎಂಬ ಹುಡುಗರ ಬ್ಯಾಂಡು ಮುರಿದುಬಿದ್ದಾಗ ಅವರ ಬಳಿ ಷೋಗಳಿಂದ ಕೂಡಿಟ್ಟ ಸುಮಾರು 600 ಡಾಲರ್ ಇತ್ತು. ಅದನ್ನು ಹಂಚಿಕೊಳ್ಳದೆ ಎಂಟು ಹಾಡುಗಳ ಒಂದು ಏಳಿಂಚಿನ ರೆಕಾರ್ಡು ಮಾಡಿಸಿದರು. ಹೊದಿಕೆಗಳನ್ನು ತಾವೇ ಕತ್ತರಿಸಿ, ಮಡಚಿ, ಅಂಟಿಸಿದರು. ಡಿಸ್ಕಾರ್ಡ್ ರೆಕಾರ್ಡ್ಸ್ ಶುರುವಾದದ್ದು ಹೀಗೆ. ಗೆಳೆಯರ ಕೈಗೆ ಅಗ್ಗವಾಗಿ ಸಿಗಲೆಂದು ಮಾಡಿದ ಆ ವಸ್ತು ಈಗ ನೂರಾರು ಡಾಲರಿನ ಹರಾಜಿನ ಸರಕು.

ಅಗ್ಗದ ಬೆಲೆ ಆ ಸಂಗೀತದ ಹೊರಗಿನ ವಿಷಯವಲ್ಲ, ಅದರ ಒಳಗಿನದೇ. ಅದೇ ಬೇರಿನಿಂದ 1987ರಲ್ಲಿ ಹೊರಟ ‘ಫುಗಾಜಿ’ ತನ್ನ ಷೋಗಳ ಟಿಕೆಟ್ಟನ್ನು ಐದು ಡಾಲರಿನ ಆಸುಪಾಸಿನಲ್ಲೇ ಇಡಲು ಪಟ್ಟುಹಿಡಿಯಿತು. ಎಲ್ಲ ವಯಸ್ಸಿನವರಿಗೂ ಪ್ರವೇಶ ಇರಲೇಬೇಕೆಂದಿತು. ಬ್ಯಾಂಡಿನ ಹೆಸರಿನ ಟೀ ಶರ್ಟು ಮಾರಲಿಲ್ಲ. ಅಮೆರಿಕದಲ್ಲಿ ಕ್ಲಬ್ಬುಗಳು ಬದುಕುವುದು ಮದ್ಯದ ಮಾರಾಟದಿಂದ. ಹಾಗಾಗಿ ಕುಡಿಯುವ ವಯಸ್ಸಾಗದ ಮಕ್ಕಳಿಗೆ ಬಾಗಿಲು ಮುಚ್ಚಿರುತ್ತಿತ್ತು. ಕೈಮೇಲೆ ದಪ್ಪ ಎಕ್ಸ್ ಗುರುತು ಹಾಕಿ, ಇವರಿಗೆ ಮದ್ಯ ಕೊಡಬೇಡಿ, ಹಾಡು ಕೇಳಲು ಮಾತ್ರ ಬಿಡಿ ಎಂದು ಆ ಬಾಗಿಲನ್ನು ತೆರೆಸಿದ್ದು ಈ ಹುಡುಗರೇ.

ತೊಂಬತ್ತರ ದಶಕದ ಕೊನೆಯಲ್ಲಿ ಮೇರಿಲ್ಯಾಂಡಿನಲ್ಲಿ ಓದುತ್ತಿದ್ದ ನನಗೆ ಆ ಬಾಗಿಲಿನ ಬೆಲೆ ಗೊತ್ತು. ವಿದ್ಯಾರ್ಥಿವೇತನದಲ್ಲಿ ಬಾಡಿಗೆ ಕಳೆದು ಉಳಿದದ್ದರಲ್ಲಿ ನನ್ನ ಕೈಗೆಟುಕಿದ್ದು ಚರ್ಚಿನ ಸಭಾಂಗಣದ ಷೋಗಳು ಮತ್ತು ಫೋರ್ಟ್ ರೀನೊ ಪಾರ್ಕಿನ ಬೇಸಿಗೆಯ ಉಚಿತ ಕಛೇರಿಗಳು. ಮನಿ ಆರ್ಡರ್ ಕಳಿಸಿ ಒಂದೊಂದಾಗಿ ರೆಕಾರ್ಡು ತರಿಸಿಕೊಂಡೆ. ಷೋನಲ್ಲಿ ಒಂದು ಪದವೂ ತಿಳಿಯುತ್ತಿರಲಿಲ್ಲ, ಅಷ್ಟು ವೇಗ, ಅಷ್ಟು ಗದ್ದಲ. ರೂಮಿಗೆ ಬಂದು ರೆಕಾರ್ಡಿನ ಜೊತೆಗಿದ್ದ ಸಾಹಿತ್ಯದ ಹಾಳೆ ಹಿಡಿದು ಕೇಳಿದಾಗಲೇ ಅದು ಬರೀ ಕೂಗಾಟವಲ್ಲ, ವಾದ ಎಂದು ಗೊತ್ತಾಗುತ್ತಿದ್ದುದು. ಇಂಥ ರೆಕಾರ್ಡನ್ನು ಕೇಳದೆ ಇಟ್ಟುಕೊಳ್ಳುವುದೆಂದರೆ ಬಂದ ಕಾಗದವನ್ನು ಒಡೆಯದೆ ಅದರ ಅಂಚೆಚೀಟಿಯನ್ನಷ್ಟೇ ಮೆಚ್ಚಿದಂತೆ.

ಸಂಗ್ರಾಹಕರು ಇಲ್ಲದಿದ್ದರೆ ಇದೆಲ್ಲ ಅಳಿದುಹೋಗುತ್ತಿತ್ತು ಎನ್ನುವವರಿದ್ದಾರೆ. ನಿಜವಾದ ರಕ್ಷಣೆ ಹೇಗಿರುತ್ತದೆಂದು ಫುಗಾಜಿಯೇ ತೋರಿಸಿದೆ. ತಮ್ಮ ನೂರಾರು ಷೋಗಳ ಧ್ವನಿಮುದ್ರಣಗಳನ್ನು 2011ರಿಂದ ಅಂತರ್ಜಾಲದಲ್ಲಿ ಹಾಕತೊಡಗಿದರು. ಒಂದಕ್ಕೆ ಅವರು ಸೂಚಿಸಿದ ಬೆಲೆ ಐದು ಡಾಲರ್! ಕಪಾಟಿಗೆ ಬೀಗ ಹಾಕಿದವನು ಉಳಿಸಿದ್ದು ತನ್ನ ಬಂಡವಾಳವನ್ನು. ಇವರು ಉಳಿಸಿದ್ದು ಹಾಡನ್ನು.

ಇನ್ನೊಂದು ಬಗೆಯ ಕೂಡಿಡುವಿಕೆಯೂ ಇದೆ. ಅದು ನನ್ನ ವಯಸ್ಸಿನವರ ರೋಗ: ‘ನಮ್ಮ ಕಾಲದ ಷೋಗಳೇ ಷೋಗಳು’ ಎನ್ನುವುದು. ಅಲ್ಲಿ ಸ್ವರ್ಗವೇನೂ ಇರಲಿಲ್ಲ. ಮುಂದಿನ ಸಾಲಿನ ನೂಕುನುಗ್ಗಲಿನಲ್ಲಿ ಹುಡುಗಿಯರು ಗೋಡೆಯ ಅಂಚಿಗೆ ಸರಿಯಬೇಕಾಗುತ್ತಿತ್ತು. ಫುಗಾಜಿ ಹಾಡು ನಿಲ್ಲಿಸಿ, ಹೊಡೆದಾಡುವವರಿಗೆ ಐದು ಡಾಲರ್ ವಾಪಸು ಕೊಟ್ಟು ಹೊರಗೆ ಕಳಿಸುತ್ತಿದ್ದುದು ಸುಮ್ಮನೆ ಅಲ್ಲ. ಈ ನಗರಕ್ಕೆ ಹಾರ್ಡ್‌ಕೋರಿನ ವೇಗ ಕಲಿಸಿದ ‘ಬ್ಯಾಡ್ ಬ್ರೇನ್ಸ್’ ಕಪ್ಪು ಸಂಗೀತಗಾರರ ಬ್ಯಾಂಡು. ಆದರೂ ನಾನು ನಿಂತ ಸಭಾಂಗಣಗಳಲ್ಲಿ ಬಿಳಿಯರಲ್ಲದವರು ಬೆರಳೆಣಿಕೆಯಷ್ಟೇ. ಇದನ್ನೆಲ್ಲ ಅಳಿಸಿ ಹೊಳಪು ಕೊಟ್ಟ ನೆನಪು ಕೂಡ ಪ್ಲಾಸ್ಟಿಕ್ ಚೀಲದೊಳಗಿನ ಸರಕೇ.

ಪುಸ್ತಕ ಪ್ರೀತಿಸುವ ನಿಮಗೂ ಈ ಮಾತು ಅನ್ವಯಿಸುತ್ತದೆ. ಲೇಖಕರ ಸಹಿ ಇದೆಯೆಂದು ಪುಟ ತೆರೆಯದೆ ಇಟ್ಟ ಪ್ರತಿ ನಿಮ್ಮ ಮನೆಯಲ್ಲೂ ಇರಬಹುದು. ಅದನ್ನು ಓದಿ. ಕೇಳಿದವರಿಗೆ ಕೊಡಿ. ನನ್ನ ರೆಕಾರ್ಡುಗಳ ತುಂಬ ಗೀರುಗಳಿವೆ, ಕೆಲವು ಎರವಲು ಹೋದವು ಮರಳಿಲ್ಲ. ಎಲ್ಲೋ ತಿರುಗುತ್ತಿದ್ದರೆ ಸಾಕು.